ಕುಂದಾಪುರದಿಂದ ಕಾರವಾರದವರೆಗೆ

ಪ್ರವಾಸವೂ ಒಂದು ವಿದ್ಯಾಭ್ಯಾಸವೆಂದು ಹಿರಿಯರು ಹೇಳುವುದುಂಟು. ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿ, ಈಗ ಮನೆಯ ಜಗಲಿಯಲ್ಲಿ ವಿಶ್ರಾಂತಿಯಿಂದಿರುವ ನಾನು ಆ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಆಡಿದ್ದೆನಾದರೂ ಅದು ನನಗೆ ಅನುಭವದಿಂದ ಬಂದುದಾಗಿರಲಿಲ್ಲ. ಕಳೆದ ಮಾರ್ಗಶಿರದಲ್ಲಿ ಕುಂದಾಪುರದಿಂದ ಕಾರವಾರದವರೆಗೆ, ಕಡಲ ಮಗ್ಗುಲನ್ನು ಹಿಡಿದು ಹೋಗುವ ಹೆದ್ದಾರಿಯಲ್ಲಿ ಒಂದು ಹಗಲು ಪ್ರಯಾಣ ಮಾಡಿದಾಗ ಆ ಪಾಠವು ನನಗೂ ಆಯಿತು. ಅದನ್ನು ಕಲಿಸಿದವನು ನನ್ನ ಹಳೆಯ ಶಿಷ್ಯನೇ ಆದುದರಿಂದ ವಾಚಕರ ಮುಂದೆ ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಮರೆಮಾಚುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿರುವ ನನ್ನ ಮಗನ ಮಗಳು, ಒಂಬತ್ತು ವರ್ಷದ ಹುಡುಗಿ, ರಜೆಗೆಂದು ಊರಿಗೆ ಬಂದಿದ್ದಳು. "ಅಜ್ಜಯ್ಯ, ಸಮುದ್ರದ ಪಕ್ಕದಲ್ಲಿಯೇ ಹೋಗುವ ದಾರಿ ಇದೆಯಂತೆ, ತೋರಿಸುತ್ತೀರಾ?" ಎಂದು ಅವಳು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ನನ್ನ ಮನೆಯವಳೂ ಉತ್ಸಾಹ ತೋರಿದಳು. ಒಂದು ಬಾಡಿಗೆಯ ಮೋಟಾರನ್ನು ಗೊತ್ತುಮಾಡಿದೆವು. ಬೆಳಗಿನ ಆರು ಗಂಟೆಗೆ ಮೋಟಾರು ಬಾಗಿಲಿಗೆ ಬಂದಿತು. ಅದನ್ನು ನಡೆಸುವವನು ಕೆಳಗಿಳಿದು ಕೈಮುಗಿದು, "ಮಾಷ್ಟ್ರೇ, ನನ್ನ ಗುರುತು ಸಿಕ್ಕಿತೇ?" ಎಂದನು. ಸುಮಾರು ನಲವತ್ತೈದರ ವಯಸ್ಸು. ಕಿವಿಯ ಬಳಿ ನರೆ ಕಾಣಿಸಿಕೊಂಡಿದೆ. ಮುಖವನ್ನು ದಿಟ್ಟಿಸಿದೆ. ಗುರುತು ಸಿಕ್ಕಿತು, ಸಿಕ್ಕದಿದ್ದರೇ ಚೆನ್ನಾಗಿತ್ತೆಂದು ಆ ಕ್ಷಣದಲ್ಲಿ ಅನಿಸಿತು.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಎಂಟನೆಯ ತರಗತಿಯ ಸಂಸ್ಕೃತ ಪಾಠದಲ್ಲಿ ಈಕಾರಾಂತ ಸ್ತ್ರೀಲಿಂಗದ 'ನದೀ' ಶಬ್ದವನ್ನು ಹೇಳಿಸುತ್ತಿದ್ದೆ. ಈ ಹುಡುಗನು ಎದ್ದು ನಿಂತು ಸಪ್ತಮಿಯವರೆಗೆ ಹೇಗೋ ತಡವರಿಸಿ, ಸಂಬೋಧನೆಗೆ ಬಂದು ಎಡವಿದನು. ಅಲ್ಲಿ ಏಕವಚನದಲ್ಲಿ ದೀರ್ಘವು ಹೋಗಿ 'ಹೇ ನದಿ' ಎಂದು ಹ್ರಸ್ವವಾಗಬೇಕು. ಇವನು ಮೂರು ಸಲವೂ 'ಹೇ ನದೀ' ಎಂದನು. ಆಗ ನನಗೆ ಎಳೆಯ ವಯಸ್ಸು, ವಿದ್ಯೆಯ ಗರ್ವ. "ಒಂದು ನದಿಯನ್ನು ಕರೆಯಲು ಬಾರದ ನಿನಗೆ ಓದು ಏಕೆ? ನೀನು ಲಾರಿ ನಡೆಸುವುದಕ್ಕೇ ಲಾಯಕ್ಕು" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಬಡತನವೇ ಕಾರಣವೆಂದು ಯಾರೋ ಹೇಳಿದರು. ನಾನೂ ಅದನ್ನೇ ನಂಬಿ ಸುಮ್ಮನಾದೆ. ಅವನೇ ಈಗ ನಮ್ಮ ಸಾರಥಿ. ಅವನಿಗೆ ಆ ದಿನದ ನೆನಪಿದೆಯೋ ಇಲ್ಲವೋ ಎಂಬ ಶಂಕೆಯನ್ನು ಹೊತ್ತುಕೊಂಡೇ ಮೋಟಾರನ್ನು ಏರಿದೆನು.

ಕುಂದಾಪುರವನ್ನು ದಾಟುತ್ತಲೇ ಹೊಳೆಗಳು ಒಂದರ ಹಿಂದೆ ಒಂದಾಗಿ ಎದುರಾಗುವುವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದೂ ಸೇರುವುದರಿಂದ ಇಲ್ಲಿಯ ಅಳಿವೆಗೆ ಪಂಚಗಂಗಾವಳಿಯೆಂದು ಹೆಸರು. ತ್ರಾಸಿಯನ್ನು ಕಳೆದು ಮರವಂತೆಗೆ ಬಂದಾಗ ಸೂರ್ಯೋದಯದ ಸಮಯ. ಇಲ್ಲಿ ಹಾದಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ನಡುವೆ ಹೆದ್ದಾರಿಯೂ ಒಂದಿಷ್ಟು ಮರಳೂ ಮಾತ್ರ. ಕಡಲ ಕಡೆಗೆ ಇನ್ನೂ ನಸುಗತ್ತಲೆ. ಹೊಳೆಯ ಕಡೆಗೆ ಘಟ್ಟದ ಮೇಲಿಂದ ಹೊಂಬಿಸಿಲು ಇಳಿದು ನೀರು ಮಿರುಗುತ್ತಿತ್ತು. ಒಂದೇ ಸ್ಥಳದಲ್ಲಿ ನಿಂತು ಕತ್ತು ತಿರುಗಿಸಿದರೆ ರಾತ್ರಿಯೂ ಹಗಲೂ ಕಾಣುವ ಹಾಗಿತ್ತು.

ಸುಪರ್ಣನೆಂದರೆ ಗರುಡ, ಅವನು ಈ ನದಿಯ ದಡದಲ್ಲಿ ತಪಸ್ಸು ಮಾಡಿದ ಕಾರಣ ಸೌಪರ್ಣಿಕಾ ಎಂಬ ಹೆಸರು ಬಂದಿತೆಂದು ಮೊಮ್ಮಗಳಿಗೆ ವಿವರಿಸಿದೆನು. ಸಾರಥಿಯು ಕೇಳುತ್ತಿದ್ದು, "ಈ ಹೊಳೆಯದು ಒಂದು ವಿಚಿತ್ರ, ಮಗೂ. ಕೊಲ್ಲೂರಿನಿಂದ ಇಷ್ಟು ದೂರ ಬಂದು, ಕಡಲನ್ನು ಇಷ್ಟು ಹತ್ತಿರದಿಂದ ಕಂಡೂ ಇಲ್ಲಿ ಸೇರುವುದಿಲ್ಲ. ತಿರುಗಿಕೊಂಡು ಗಂಗೊಳ್ಳಿಗೆ ಹೋಗಿ, ಉಳಿದ ಹೊಳೆಗಳ ಜೊತೆಗೂಡಿಯೇ ಸೇರುತ್ತದೆ" ಎಂದನು. ನಾನು ಹೇಳಿದುದು ಹೆಸರಿನ ಅರ್ಥ; ಅವನು ಹೇಳಿದುದು ನದಿಯ ಸ್ವಭಾವ. ಹುಡುಗಿಯು ಅವನ ಕಡೆಗೇ ಹೆಚ್ಚು ಕಣ್ಣರಳಿಸಿ ನೋಡಿದಳು.

ಬೈಂದೂರು, ಶಿರೂರುಗಳನ್ನು ಕಳೆದರೆ ಉಡುಪಿ ಜಿಲ್ಲೆಯ ಎಲ್ಲೆ ಮುಗಿದು ಉತ್ತರ ಕನ್ನಡವು ಮೊದಲಾಗುವುದು. ಭಟ್ಕಳವು ಬಹು ಹಿಂದಿನಿಂದ ವ್ಯಾಪಾರಕ್ಕೆ ಹೆಸರಾದ ರೇವುಪಟ್ಟಣ. ಅಲ್ಲಿ ಉಪಾಹಾರ ಮುಗಿಸಿಕೊಂಡು ಮುರುಡೇಶ್ವರವನ್ನು ಸೇರಿದೆವು. ಮೂರು ಕಡೆ ಕಡಲಿನಿಂದ ಸುತ್ತುವರಿದ ಕಂದುಕಗಿರಿಯ ಮೇಲೆ ದೇವಾಲಯವಿದೆ. 123 ಅಡಿ ಎತ್ತರದ ಶಿವನ ವಿಗ್ರಹವೂ, ಇಪ್ಪತ್ತು ಅಂತಸ್ತಿನ ರಾಜಗೋಪುರವೂ ನಮ್ಮ ಕಾಲದ ನಿರ್ಮಾಣಗಳು. ಗೋಪುರದೊಳಗೆ ಯಂತ್ರದ ತೊಟ್ಟಿಲಿನಲ್ಲಿ ಮೇಲೇರಿ ಕಿಂಡಿಯಿಂದ ನೋಡಿದರೆ ಮೀನುಗಾರರ ದೋಣಿಗಳು ಅಕ್ಕಿಯ ಕಾಳುಗಳಂತೆ ಕಾಣುತ್ತವೆ. ದೂರದಲ್ಲಿ ನೇತ್ರಾಣಿ ದ್ವೀಪವು ನೀಲಿಯ ಮೇಲೆ ಒಂದು ಮಚ್ಚೆಯಂತೆ ತೋರುತ್ತದೆ.

ಇಲ್ಲಿ ಮೊಮ್ಮಗಳಿಗೆ ಆತ್ಮಲಿಂಗದ ಕಥೆಯನ್ನು ಹೇಳಿದೆನು. ಈ ಹಾದಿಯನ್ನು ಒಂದೇ ದಾರದಲ್ಲಿ ಪೋಣಿಸುವ ಕಥೆಯಿದು. ರಾವಣನು ಶಿವನಿಂದ ಆತ್ಮಲಿಂಗವನ್ನು ಪಡೆದು ಲಂಕೆಗೆ ಹೊರಟಿದ್ದನು. ಅದನ್ನು ನೆಲಕ್ಕಿಡಬಾರದೆಂಬುದು ನಿಯಮ. ಸಂಧ್ಯಾಕಾಲವಾಗಲು, ದನ ಕಾಯುವ ಬಾಲಕನ ರೂಪದಲ್ಲಿ ಬಂದ ಗಣಪತಿಯ ಕೈಗೆ ಅದನ್ನು ಕೊಟ್ಟು ಅರ್ಘ್ಯಕ್ಕೆ ಹೋದನು. ಭಾರವಾದರೆ ಮೂರು ಸಲ ಕರೆಯುವೆನೆಂದೂ, ಬಾರದಿದ್ದರೆ ಇಳಿಸುವೆನೆಂದೂ ಬಾಲಕನ ಕರಾರು. ಮೂರು ಸಲ ಕರೆದನು, ಇಳಿಸಿದನು, ಗೋಕರ್ಣದಲ್ಲಿ ಲಿಂಗವು ನೆಟ್ಟುಹೋಯಿತು. ಕೋಪದಿಂದ ರಾವಣನು ಕಿತ್ತೆಸೆದ ಹೊದಿಕೆ ಮೊದಲಾದುವು ಬಿದ್ದ ಎಡೆಗಳೇ ಮುರುಡೇಶ್ವರ, ಗುಣವಂತೆ, ಧಾರೇಶ್ವರ, ಕಾರವಾರದ ಬಳಿಯ ಸೆಜ್ಜೇಶ್ವರ. ಹುಡುಗಿಯು ಸ್ವಲ್ಪ ಯೋಚಿಸಿ, "ಮೂರು ಸಲ ಕರೆದರೂ ಅವನಿಗೆ ಏಕೆ ಕೇಳಿಸಲಿಲ್ಲ, ಅಜ್ಜಯ್ಯ?" ಎಂದಳು. "ಅವನು ತನ್ನ ಮಂತ್ರದಲ್ಲಿ ಮುಳುಗಿದ್ದನು" ಎಂದೆನು. ಈ ಉತ್ತರವು ಸಂಜೆಯವರೆಗೆ ನನ್ನನ್ನೇ ಹಿಂಬಾಲಿಸೀತೆಂದು ಆಗ ತಿಳಿದಿರಲಿಲ್ಲ.

ಮುಂದೆ ಗುಣವಂತೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಮಹಾಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ಸೀಮೆಯಿದು. ಕಾಸರಕೋಡನ್ನು ದಾಟುತ್ತಲೇ ಶರಾವತಿಯ ವಿಸ್ತಾರವಾದ ಸೇತುವೆ. ಒಂದು ಪಕ್ಕಕ್ಕೆ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲಿನ ಸೇತುವೆಯು ಕಾಣುತ್ತದೆ. ಆ ಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆಯಿತು. ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ವಿದ್ಯುದಾಗಾರಗಳ ಯಂತ್ರಗಳನ್ನು ತಿರುಗಿಸಿ ಬಂದ ನದಿ ಇಲ್ಲಿ ಶ್ರಮವೆಲ್ಲ ಆರಿದವಳಂತೆ ಮೆಲ್ಲನೆ ಹರಡಿಕೊಂಡಿದ್ದಾಳೆ. ಸಾರಥಿಯು ಮೋಟಾರಿನ ವೇಗವನ್ನು ತಗ್ಗಿಸಿ, "ಈಗ ಇಳಿತದ ಹೊತ್ತು. ಉಬ್ಬರದಲ್ಲಾದರೆ ಆ ಕಂಬದ ಮೇಲಿನ ಗೆರೆಯವರೆಗೂ ನೀರು ಬರುತ್ತದೆ" ಎಂದು ಬೆರಳು ತೋರಿಸಿದನು. ಹದಿನೈದು ವರ್ಷ ಇದೇ ಹಾದಿಯಲ್ಲಿ ಲಾರಿ ನಡೆಸಿದೆನೆಂದು ಆಗ ಹೇಳಿದನು. ಲಾರಿಯೆಂಬ ಶಬ್ದವು ಕಿವಿಗೆ ಬಿದ್ದಾಗ ನಾನು ಕಿಟಕಿಯ ಹೊರಗೆ ನೋಡಿದೆನು.

ಮಧ್ಯಾಹ್ನದ ಊಟ ಕುಮಟೆಯಲ್ಲಿ. ಭೋಜನಾಲಯದಲ್ಲಿ ಸಾರಥಿಯು ಬೇರೆ ಮೇಜಿನ ಕಡೆಗೆ ಹೊರಟಾಗ ಮೊಮ್ಮಗಳು, "ಮಾವ, ಇಲ್ಲಿಯೇ ಕೂತುಕೊಳ್ಳಿ" ಎಂದು ಕೈಹಿಡಿದು ತಂದು ತನ್ನ ಮಗ್ಗುಲಲ್ಲಿ ಕೂರಿಸಿಕೊಂಡಳು. ತಂಬುಳಿ, ಅಪ್ಪೆಹುಳಿಗಳೊಡನೆ ಊಟ ರುಚಿಯಾಗಿತ್ತು. ಅವನು ತನ್ನ ಇಬ್ಬರು ಹೆಣ್ಣುಮಕ್ಕಳ ಓದಿನ ವಿಚಾರ ಹೇಳಿದನು. ನನ್ನ ಮನೆಯವಳು ಅವನ ಬಾಳೆಯೆಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು.

ಕುಮಟೆಯ ಉತ್ತರಕ್ಕೆ ಅಘನಾಶಿನಿ. ಅಘವೆಂದರೆ ಪಾಪ, ಪಾಪವನ್ನು ಕಳೆಯುವವಳು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಇಳಿದು ಬರುವ ಈ ನದಿಗೆ ದೊಡ್ಡ ಅಣೆಕಟ್ಟುಗಳ ಬಂಧನವಿಲ್ಲ. ಇದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪುಗಳನ್ನು ಆಯುತ್ತಾರೆ. ಗಜನಿಯೆಂದು ಕರೆಯುವ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗವೆಂಬ ಭತ್ತವು ಉಪ್ಪನ್ನು ತಾಳಿಕೊಂಡು ತೆನೆ ಬಿಡುತ್ತದೆ. 2024ರಲ್ಲಿ ಈ ಅಳಿವೆಯನ್ನು ಲೋಕದ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು.

ನದಿಯನ್ನು ದಾಟಿದರೆ ಮಿರ್ಜಾನಿನ ಕೋಟೆ. ಜಂಬಿಟ್ಟಿಗೆಯ ಎತ್ತರವಾದ ಗೋಡೆಗಳು, ಒಳಗೆ ಆಳವಾದ ಬಾವಿಗಳು, ಎಲ್ಲೆಡೆ ಹಸುರು ಪಾಚಿ. ಈ ಕೋಟೆಯೊಡನೆ ಹದಿನಾರನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಬೆಸೆದುಕೊಂಡಿದೆ. ಘಟ್ಟದ ಕಾಳುಮೆಣಸು ಅವಳ ರೇವುಗಳಿಂದ ಹೊರನಾಡುಗಳಿಗೆ ಹೋಗುತ್ತಿದ್ದುದರಿಂದ ಪೋರ್ತುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ರಾಣಿಯ ಹೆಸರು ಉಳಿದಿದೆ. ಆ ಮೆಣಸನ್ನು ಘಟ್ಟದಿಂದ ಹೊತ್ತು ತಂದವರ ಹೆಸರು ಒಂದೂ ಉಳಿದಿಲ್ಲ. ಕೋಟೆಯ ಮೆಟ್ಟಿಲ ಮೇಲೆ ಕುಳಿತಾಗ ಈ ವಿಚಾರ ಮನಸ್ಸಿಗೆ ಬಂದಿತು. ದಿನದ ಕಾಲವು ಸಂಕುಚಿತವಾಗಿದ್ದುದರಿಂದ ಗೋಕರ್ಣಕ್ಕೆ ತಿರುಗುವ ದಾರಿಯನ್ನು ದೂರದಿಂದಲೇ ವಂದಿಸಿ ಮುಂದುವರಿದೆವು.

ಮೂರು ಗಂಟೆಯ ಸುಮಾರು. ಒಂದು ತಿರುವಿನಲ್ಲಿ ಸಾರಥಿಯು ಏನೂ ಹೇಳದೆ ಮೋಟಾರನ್ನು ಹಾದಿಯ ಅಂಚಿಗೆ ತಂದು ನಿಲ್ಲಿಸಿದನು. ಒಂದು ಕಡೆಗೆ ಗುಡ್ಡ. ಅದರ ಮೈಯಲ್ಲಿ ದೊಡ್ಡದೊಂದು ಗಾಯದಂತೆ ಕೆಮ್ಮಣ್ಣು ತೆರೆದಿತ್ತು. ಇನ್ನೊಂದು ಕಡೆಗೆ ಗಂಗಾವಳಿ ನದಿ. ಇದೂ ಶಿರೂರೇ, ಆದರೆ ಬೆಳಿಗ್ಗೆ ಕಳೆದುಬಂದ ಬೈಂದೂರಿನ ಬಳಿಯ ಶಿರೂರಲ್ಲ, ಅಂಕೋಲಾ ತಾಲೂಕಿನ ಶಿರೂರು. 2024ರ ಜುಲೈ 16ರ ಬೆಳಿಗ್ಗೆ, ದಿನಗಟ್ಟಲೆ ಸುರಿದ ಮಳೆಯ ನಡುವೆ, ಈ ಗುಡ್ಡವು ಕುಸಿದು ಹೆದ್ದಾರಿಯನ್ನು ದಾಟಿ ಹೊಳೆಗೆ ನುಗ್ಗಿತು. ಹಾದಿಯ ಬದಿಯಲ್ಲಿದ್ದ ಚಹದಂಗಡಿಯು ತನ್ನ ಸಂಸಾರದೊಡನೆ ಹೋಯಿತು. ಚಹಕ್ಕೆಂದು ನಿಂತಿದ್ದ ವಾಹನಗಳೂ ಹೋದುವು. ಹೊಳೆಯಲ್ಲಿ ಎದ್ದ ಅಲೆಯು ಆಚೆಯ ದಡದ ಉಳುವರೆ ಗ್ರಾಮದ ಮನೆಗಳ ಮೇಲೆ ಬಿದ್ದು ಅಲ್ಲಿಯೂ ಸಾವು ಸಂಭವಿಸಿತು. ಕಟ್ಟಿಗೆ ಹೇರಿಕೊಂಡು ಬಂದಿದ್ದ ಲಾರಿಯೂ ಅದರೊಳಗೆ ಕೇರಳದ ಚಾಲಕನ ದೇಹವೂ ಸೆಪ್ಟೆಂಬರಿನ ಕೊನೆಯಲ್ಲಿ, ಎಪ್ಪತ್ತು ದಿನಗಳಿಗೂ ಮೇಲೆ, ನದಿಯ ತಳದಿಂದ ದೊರೆತುವು. ಇವೆಲ್ಲವನ್ನೂ ನಾನು ಪತ್ರಿಕೆಗಳಲ್ಲಿ ಓದಿದ್ದೆ. ಓದಿ, ಮಡಿಸಿ ಇಟ್ಟಿದ್ದೆ.

ಸಾರಥಿಯು ಇಳಿದು ಚಪ್ಪಲಿಯನ್ನು ಬಿಟ್ಟು, ಹೊಳೆಯ ಕಡೆಗೆ ಮುಖಮಾಡಿ ಕೈಮುಗಿದು ನಿಂತನು. ನಾವೂ ಇಳಿದೆವು. ಸ್ವಲ್ಪ ಹೊತ್ತಿನ ಮೇಲೆ ಅವನು ಹೇಳಿದನು: "ಇಲ್ಲಿ ಎಷ್ಟು ಸಲ ಲಾರಿ ನಿಲ್ಲಿಸಿ ಚಹ ಕುಡಿದಿದ್ದೇನೋ ಲೆಕ್ಕವಿಲ್ಲ, ಮಾಷ್ಟ್ರೇ. ರಾತ್ರಿಯೆಲ್ಲ ಗಾಡಿ ನಡೆಸಿ ಬಂದವರಿಗೆ ಇಲ್ಲಿಯ ಹೊಳೆಯ ಗಾಳಿ, ಒಂದು ಲೋಟ ಚಹ, ಅಷ್ಟರಲ್ಲಿ ಜೀವ ಬಂದ ಹಾಗಾಗುತ್ತಿತ್ತು. ಆ ವರ್ಷ ನಾನು ಲಾರಿ ಬಿಟ್ಟಾಗಿತ್ತು, ಅದಕ್ಕೇ ಉಳಿದೆ. ಈಗ ಈ ದಾರಿಯಲ್ಲಿ ಬಂದರೆ ನಿಲ್ಲದೆ ಹೋಗುವುದಿಲ್ಲ."

"ಪ್ರಕೃತಿ ಮುನಿದರೆ ಯಾರು ತಡೆಯಬಲ್ಲರು?" ಎಂದೆನು. ಇಂಥ ಸಮಯದಲ್ಲಿ ಆಡುವ ಮಾತು ಅದು. ಅವನು ಗುಡ್ಡದ ಬುಡವನ್ನು ತೋರಿಸಿ ಮೆಲ್ಲನೆ, "ಗುಡ್ಡ ಯಾರ ಮೇಲೂ ಮುನಿಯಲಿಲ್ಲ, ಮಾಷ್ಟ್ರೇ. ರಸ್ತೆ ಅಗಲವಾಗಲೆಂದು ಅದರ ಕಾಲನ್ನು ನೆಟ್ಟಗೆ ಕಡಿದರು. ಕಾಲು ಕಡಿದರೆ ಯಾರೂ ಬೀಳುತ್ತಾರೆ" ಎಂದನು. ನನಗೆ ಉತ್ತರ ತೋಚಲಿಲ್ಲ. ನಮ್ಮ ಮೋಟಾರು ಬೆಳಿಗ್ಗೆಯಿಂದ ಇಷ್ಟು ಸುಖವಾಗಿ ಓಡಿಬಂದುದು ಅದೇ ಅಗಲವಾದ ಹಾದಿಯ ಮೇಲೆ. ಬೆಳಗಿನಿಂದ ಹೊಗಳಿದ ಆ ಹಾದಿಯ ಬೆಲೆಯನ್ನು ಯಾರು ತೆತ್ತರೆಂಬುದು ಅಲ್ಲಿ ನಿಂತಾಗ ಕಂಡಿತು. ಇದೇ ತಿರುವಿನಲ್ಲಿ ನಾನು ಮದುವೆಗೆ, ಉಪನಯನಕ್ಕೆಂದು ಎಷ್ಟೋ ಸಲ ಹೋಗಿದ್ದೆ, ಒಮ್ಮೆಯೂ ಇಳಿದಿರಲಿಲ್ಲ. ಹಾದಿಯ ಬದಿಯಲ್ಲಿ ಚಹ ಕಾಸುವವರೂ ಭಾರ ಹೊತ್ತು ಬರುವವರೂ ನನ್ನ ಕಣ್ಣಿಗೆ ಬಿದ್ದಿದ್ದರೇ ಹೊರತು ಮನಸ್ಸಿಗೆ ಬಿದ್ದಿರಲಿಲ್ಲ.

ಮೊಮ್ಮಗಳು ದಡದ ಮೇಲಿನ ಒಂದು ಹೂವನ್ನು ಕಿತ್ತು, "ಈ ಹೊಳೆಯ ಹೆಸರೇನು, ಮಾವ?" ಎಂದಳು. "ಗಂಗಾವಳಿ. ಘಟ್ಟದ ಮೇಲೆ ಇವಳನ್ನು ಬೇಡ್ತಿ ಎನ್ನುತ್ತಾರೆ. ಧಾರವಾಡದ ಕಡೆಯಿಂದ ಬಂದು, ಮಾಗೋಡಿನಲ್ಲಿ ಬಿದ್ದು, ಇಲ್ಲಿಗೆ ಬರುತ್ತಾಳೆ." ಹುಡುಗಿಯು, "ಗಂಗಾವಳೀ, ತಗೋ" ಎಂದು ಕೂಗಿ ಹೂವನ್ನು ನೀರಿಗೆ ಎಸೆದಳು. ಈಕಾರವು ಎಷ್ಟು ದೀರ್ಘವಾಗಿತ್ತೆಂದರೆ ಆಚೆಯ ದಡಕ್ಕೂ ಕೇಳಿಸಿರಬೇಕು. ನನಗೆ ಎಂಟನೆಯ ತರಗತಿಯ ಆ ಹುಡುಗನ ದನಿ ನೆನಪಾಯಿತು. ವ್ಯಾಕರಣದ ನಿಯಮವು ಸುಳ್ಳಲ್ಲ. ಆದರೆ ಅಂದು ಆ ಹುಡುಗನು ಮೂರು ಸಲ ಕರೆದುದು ನದಿಯನ್ನು ಮಾತ್ರವಲ್ಲ, ನನ್ನನ್ನೂ ಕರೆದಿದ್ದನು. ನಾನು ನನ್ನ ಮಂತ್ರದಲ್ಲಿ ಮುಳುಗಿದ್ದೆ.

ಅಂಕೋಲೆಯನ್ನು ಹಾದುಹೋಗುವಾಗ ಮನಸ್ಸು ಇನ್ನೂ ಹಿಂದೆಯೇ ಇದ್ದಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಿಂದ ನಾಡಿಗೆ ಹೆಸರಾದ ಊರು ಇದು. ಈ ತಾಲೂಕಿನ ಹಾಲಕ್ಕಿ ಒಕ್ಕಲಿಗರಲ್ಲಿ ಹುಟ್ಟಿ, ಶಾಲೆಯ ಓದಿಲ್ಲದೆಯೇ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಇಬ್ಬರು ತಾಯಂದಿರನ್ನು ಇಲ್ಲಿ ಸ್ಮರಿಸತಕ್ಕದ್ದು. ಅಸಂಖ್ಯ ಸಸಿಗಳನ್ನು ಬೆಳೆಸಿ, ಕಾಡಿನ ಒಂದೊಂದು ಮರದ ಗುಣವನ್ನೂ ಬಲ್ಲವರಾಗಿದ್ದ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ನೂರಾರು ಜನಪದ ಹಾಡುಗಳನ್ನು ಕಂಠದಲ್ಲಿ ಉಳಿಸಿದ್ದ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ. ಅವರ ಮುಂದೆ ನನ್ನ ಶಬ್ದಮಂಜರಿಯನ್ನು ಎಲ್ಲಿ ಇಡಲಿ?

ಕಾರವಾರವನ್ನು ಸೇರಿದಾಗ ಬಿಸಿಲು ಹಣ್ಣಾಗಿತ್ತು. ಗುಡ್ಡಗಳು ಕಡಲಿನವರೆಗೂ ಇಳಿದು ಬಂದು ಕೊಲ್ಲಿಯನ್ನು ತೋಳಿನಲ್ಲಿ ಬಳಸಿಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರ ತಮ್ಮ ರವೀಂದ್ರನಾಥರು ಬಂದು ತಂಗಿದ್ದರು. ಇಲ್ಲಿಯೇ 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದರು. ಲೋಕದ ಬಂಧಗಳನ್ನೆಲ್ಲ ಗೆದ್ದೆನೆಂದು ತಿಳಿದಿದ್ದ ಸನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಪ್ರೀತಿಯು ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತದೆ; ಅವನು ಅವಳನ್ನು ಅರಸಿ ಬರುವ ವೇಳೆಗೆ ಕಾಲ ಮಿಂಚಿರುತ್ತದೆ. ಹೆಸರಿಗೆ ಪ್ರಕೃತಿಯ ಪ್ರತೀಕಾರವಾದರೂ ಅಲ್ಲಿ ಗುಡ್ಡ ಕುಸಿಯುವುದಿಲ್ಲ, ಕಡಲು ಉಕ್ಕುವುದಿಲ್ಲ. ಮನಸ್ಸು ಕರಗುತ್ತದೆ, ಅಷ್ಟೆ. ಶಿರೂರಿನಲ್ಲಿ ನಾನು ಆಡಿದ ಮಾತು ಎಷ್ಟು ಹಗುರವಾದುದೆಂದು ಇಲ್ಲಿ ಮತ್ತೊಮ್ಮೆ ತಿಳಿಯಿತು.

ಉತ್ತರಕ್ಕೆ ಕಾಳಿ ನದಿಯ ಸೇತುವೆ ಕಾಣುತ್ತಿತ್ತು. ನಲವತ್ತು ವರ್ಷಗಳಷ್ಟು ಹಳೆಯದಾದ ಹಿಂದಿನ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿಯ ಹೊತ್ತಿನಲ್ಲಿ ಮುರಿದುಬಿದ್ದಿತು. ಒಂದು ಲಾರಿ ನದಿಗೆ ಬಿದ್ದು, ಅದರ ಚಾಲಕನನ್ನು ಜೀವಸಹಿತ ಎತ್ತಿದರು. ಅದನ್ನು ಹೇಳುವಾಗ ನಮ್ಮ ಸಾರಥಿಯ ಮುಖದಲ್ಲಿ ತನ್ನ ತಮ್ಮನೇ ಬದುಕಿಬಂದಂತಹ ಸಂತೋಷವಿತ್ತು.

ಮೊಮ್ಮಗಳೂ ಅವಳ ಅಜ್ಜಿಯೂ ಅಲೆಗಳ ಬಳಿ ಇದ್ದರು. ನಾನು ಅವನನ್ನು ಕರೆದು ಮರಳಿನ ಮೇಲೆ ಕೂರಿಸಿಕೊಂಡು, "ಅಂದು ತರಗತಿಯಲ್ಲಿ ನಾನು ನಿನಗೊಂದು ಮಾತು ಆಡಿದ್ದೆ. ಅದು ತಪ್ಪು. ಇಷ್ಟು ವರ್ಷ ಹೇಳಲಿಲ್ಲ, ಅದೂ ತಪ್ಪು" ಎಂದೆನು. ಅವನು ಬಹಳ ಹೊತ್ತು ಸಮುದ್ರವನ್ನೇ ನೋಡುತ್ತಿದ್ದನು. "ಮರೆತಿಲ್ಲ, ಮಾಷ್ಟ್ರೇ. ಮೊದಲ ಸಲ ಲಾರಿಯ ಚಕ್ರ ಹಿಡಿದ ದಿನ ಅತ್ತಿದ್ದೆ. ಆಮೇಲೆ ಹೊಟ್ಟೆಗೆ ಹಾಕಿದ್ದೂ ಅದೇ ಲಾರಿ, ಮಕ್ಕಳನ್ನು ಓದಿಸಿದ್ದೂ ಅದೇ" ಎಂದನು. ಮತ್ತೆ ಸಣ್ಣಗೆ ನಕ್ಕು, "ಆದರೆ ಅಂದು ನಾನು ಪಾಠ ಓದಿಕೊಂಡು ಬಂದಿರಲಿಲ್ಲ, ಅದು ನಿಜ" ಎಂದನು. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಹೇಳೆಂದು ಕೇಳುವ ಅಧಿಕಾರ ನನಗೂ ಇರಲಿಲ್ಲ. ಸೂರ್ಯನು ಮುಳುಗುವವರೆಗೆ ಇಬ್ಬರೂ ಜೊತೆಯಲ್ಲಿ ಕುಳಿತಿದ್ದೆವು.

ಈ ಹಾದಿಯಲ್ಲಿ ಹೋಗಬೇಕೆನ್ನುವ ವಾಚಕರಿಗೆ ಎರಡು ಮಾತು. ಮಳೆಗಾಲದ ನಾಲ್ಕು ತಿಂಗಳನ್ನು ಬಿಟ್ಟು, ನವೆಂಬರಿನಿಂದ ಫೆಬ್ರವರಿಯ ಒಳಗೆ ಹೊರಡಿರಿ. ಕುಂದಾಪುರದಿಂದ ಕಾರವಾರಕ್ಕೆ ಸುಮಾರು 170 ಕಿಲೋಮೀಟರು. ನಸುಕಿನಲ್ಲಿ ಹೊರಟರೆ ಮರವಂತೆಯ ಸೂರ್ಯೋದಯವೂ ಕಾರವಾರದ ಸೂರ್ಯಾಸ್ತವೂ ಒಂದೇ ದಿನದಲ್ಲಿ ದೊರೆಯುವುವು. ಗೋಕರ್ಣಕ್ಕೆ ಬೇರೆಯೇ ಒಂದು ದಿನವನ್ನು ಮೀಸಲಿಡಿರಿ. ಅಂಕೋಲೆಯ ಈಚೆಯ ಶಿರೂರಿನಲ್ಲಿ ಒಂದು ನಿಮಿಷ ಇಳಿದು ನಿಲ್ಲಿರಿ. ನಿಮ್ಮ ಮೋಟಾರನ್ನು ನಡೆಸುವವನ ಹೆಸರನ್ನೂ ಊರನ್ನೂ ಕೇಳಿ, ಊಟಕ್ಕೆ ಜೊತೆಯಲ್ಲಿ ಕರೆಯಿರಿ. ಹಾದಿಯನ್ನು ಅವನಷ್ಟು ಬಲ್ಲವರು ನಿಮ್ಮ ಗಾಡಿಯಲ್ಲಿ ಬೇರೆ ಯಾರೂ ಇರಲಾರರು.

ಹಿಂದಿರುಗುವಾಗ ಕತ್ತಲೆ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟ ಮೊಮ್ಮಗಳು ನಿದ್ದೆಗಣ್ಣಿನಲ್ಲಿ ಒಂದೊಂದು ಸೇತುವೆ ಬಂದಾಗಲೂ, "ಇದು ಯಾರು, ಮಾವ?" ಎಂದು ಕೇಳುತ್ತಿದ್ದಳು. ಮುಂದಿನಿಂದ ಅವನು ಉತ್ತರ ಕೊಡುತ್ತಿದ್ದನು: "ಗಂಗಾವಳಿ. ಅಘನಾಶಿನಿ. ಶರಾವತಿ." ಎಲ್ಲಿಯೂ ತಡವರಿಸಲಿಲ್ಲ.